ಮನೆಯಲ್ಲಿ ಯೋಗಾಭ್ಯಾಸದ ಆರಂಭ

ಯೋಗಾಸನಗಳನ್ನು ಕಲಿಯಬೇಕೆಂಬ ಆಸೆ ಹುಟ್ಟಿದ ವಿದ್ಯಾರ್ಥಿಗೆ ಇಂದು ಚಿತ್ರಗಳ ಅಭಾವವಿಲ್ಲ. ಪುಸ್ತಕದ ಅಂಗಡಿಯಲ್ಲಿ, ಗೋಡೆಯ ಕ್ಯಾಲೆಂಡರಿನಲ್ಲಿ, ಮೊಬೈಲಿನ ಪರದೆಯ ಮೇಲೆ, ಎಲ್ಲಿ ನೋಡಿದರೂ ಅವು ಇವೆ. ವಿಶ್ವಸಂಸ್ಥೆಯು 2014ರ ಡಿಸೆಂಬರಿನಲ್ಲಿ ಜೂನ್ 21ನ್ನು ಅಂತರರಾಷ್ಟ್ರೀಯ ಯೋಗ ದಿನವೆಂದು ಸಾರಿದ ಮೇಲಂತೂ ವರ್ಷಕ್ಕೊಮ್ಮೆ ಶಾಲೆ ಕಾಲೇಜುಗಳ ಮೈದಾನಗಳಲ್ಲಿ ಸಾಮೂಹಿಕ ಅಭ್ಯಾಸವೂ ನಡೆಯುತ್ತದೆ. ಮರುದಿನ ಉತ್ಸಾಹಿಗಳು ಮನೆಯಲ್ಲಿ ಜಮಖಾನ ಹಾಸಿ ತಾವೇ ಆರಂಭಿಸುತ್ತಾರೆ. ಹದಿನೈದು ದಿನಗಳೊಳಗಾಗಿ, ಸೊಂಟ ಹಿಡಿದುಕೊಂಡಿತೆಂದೋ ತೊಡೆಯ ಹಿಂಭಾಗ ಸೆಳೆಯಿತೆಂದೋ ಬಿಟ್ಟುಬಿಡುವವರು ಅನೇಕರು. ಇದಕ್ಕೆ ಆಸನವನ್ನಾಗಲಿ ದೇಹವನ್ನಾಗಲಿ ದೂರಿ ಫಲವಿಲ್ಲ. ಚಿತ್ರವು ಹೇಳದೆ ಬಿಟ್ಟ ಸಂಗತಿಗಳನ್ನು ನಾವು ವಿಚಾರಿಸಬೇಕು.

ಒಂದು ವಸ್ತುವಿನ ಸ್ಥಾನ ತಿಳಿದ ಮಾತ್ರಕ್ಕೆ ಅದರ ಚಲನೆಯನ್ನು ತಿಳಿದಂತಾಗುವುದಿಲ್ಲ. ಅದರ ವೇಗವೆಷ್ಟು, ಅದರ ಮೇಲೆ ವರ್ತಿಸುವ ಬಲಗಳಾವುವು ಎಂಬುದೂ ತಿಳಿಯಬೇಕೆಂದು ಭೌತವಿಜ್ಞಾನದ ಮೊದಲ ಪಾಠಗಳಲ್ಲಿಯೇ ಓದುತ್ತೇವೆ. ಆಸನದ ಛಾಯಾಚಿತ್ರವು ತೋರಿಸುವುದು ಕೊನೆಯ ಸ್ಥಾನವನ್ನು ಮಾತ್ರ. ಅಭ್ಯಾಸಿಯು ಆ ಸ್ಥಾನಕ್ಕೆ ಎಷ್ಟು ಸೆಕೆಂಡುಗಳಲ್ಲಿ ಬಂದನು, ಎಷ್ಟು ವರ್ಷಗಳ ಮೇಲೆ ಬಂದನು, ಆಗ ಅವನ ಉಸಿರು ಹೇಗಿತ್ತು ಎಂಬುದು ಅದರಲ್ಲಿಲ್ಲ. ಚಲನಚಿತ್ರವಾದರೆ ವೇಗವನ್ನು ತೋರಿಸೀತು. ಒಳಗಿನ ಬಲವನ್ನು ಅದೂ ತೋರಿಸಲಾರದು. ಆರಂಭಿಕನ ತೊಡಕೆಲ್ಲ ಈ ಕಾಣದ ರಾಶಿಗಳಲ್ಲಿದೆ.

ಆಸನವು ಸ್ಥಿರವಾಗಿಯೂ ಸುಖವಾಗಿಯೂ ಇರಬೇಕೆಂದು ಪತಂಜಲಿಯ ಅಭಿಪ್ರಾಯ. ಅವನ ದೃಷ್ಟಿಯಲ್ಲಿ ಅದು ಮುಖ್ಯವಾಗಿ ಧ್ಯಾನಕ್ಕಾಗಿ ಕುಳಿತುಕೊಳ್ಳುವ ಬಗೆ. ಬಹುವಿಧವಾದ ಆಸನಗಳ ವಿವರಣೆ ಹಠಯೋಗದ ಗ್ರಂಥಗಳಲ್ಲಿ ಬರುತ್ತದೆ. ಅವುಗಳಲ್ಲಿ ಪ್ರಸಿದ್ಧವಾದ ಹಠಯೋಗ ಪ್ರದೀಪಿಕೆಯೂ ವಿವರಿಸುವುದು 15 ಆಸನಗಳನ್ನಷ್ಟೆ. ಇಂದು ಲೋಕದಾದ್ಯಂತ ಕಾಣುವ ಆಸನಗಳ ಪದ್ಧತಿ ಬೆಳೆದುದರಲ್ಲಿ ನಮ್ಮ ನಾಡಿನ ಪಾಲು ದೊಡ್ಡದು. ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆಯನ್ನು ನಡೆಸುತ್ತಿದ್ದ ತಿರುಮಲೈ ಕೃಷ್ಣಮಾಚಾರ್ಯರು 1934ರಲ್ಲಿ ‘ಯೋಗ ಮಕರಂದ’ವನ್ನು ಕನ್ನಡದಲ್ಲಿ ಬರೆದರು. ಅವರ ಶಿಷ್ಯರೂ ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ ಹುಟ್ಟಿದವರೂ ಆದ ಬಿ. ಕೆ. ಎಸ್. ಅಯ್ಯಂಗಾರ್ಯರ ‘ಲೈಟ್ ಆನ್ ಯೋಗ’ 1966ರಲ್ಲಿ ಸುಮಾರು 600 ಛಾಯಾಚಿತ್ರಗಳೊಡನೆ ಪ್ರಕಟವಾಯಿತು. ಚಿತ್ರವನ್ನು ನೋಡಿ ಕಲಿಯುವ ಕಾಲ ಅಲ್ಲಿಂದ ಬಲವಾಯಿತೆನ್ನಬಹುದು. ಆದರೆ ಅದೇ ಅಯ್ಯಂಗಾರ್ಯರು ಪುಣೆಯ ತಮ್ಮ ಶಾಲೆಯಲ್ಲಿ ಮರದ ಇಟ್ಟಿಗೆ, ಹಗ್ಗ, ಪಟ್ಟಿ, ಕುರ್ಚಿ, ಮಡಿಸಿದ ಕಂಬಳಿ ಇವುಗಳನ್ನು ಬಳಸಿ ಕಲಿಸಿದರು. ಇದರ ಮರ್ಮವನ್ನು ತಿಳಿಯಲು ಸನ್ನೆಯ ನಿಯಮವನ್ನು ನೆನೆಯಬೇಕು.

ನಿಂತುಕೊಂಡು ಮುಂದಕ್ಕೆ ಬಾಗುವ ಆಸನವನ್ನು ತೆಗೆದುಕೊಳ್ಳೋಣ. ಅಭ್ಯಾಸಿಯ ತೂಕ 60 ಕಿಲೋಗ್ರಾಂ ಎಂದಿಟ್ಟುಕೊಂಡರೆ ಸೊಂಟದಿಂದ ಮೇಲಿನ ಭಾಗದ ತೂಕ ಸುಮಾರು 35 ಕಿಲೋಗ್ರಾಂ. ಮುಂಡವು ನೆಲಕ್ಕೆ ಸಮಾನಾಂತರವಾದಾಗ ಈ ಭಾಗದ ಗುರುತ್ವಕೇಂದ್ರವು ಸೊಂಟದ ಮಣಿಗಳಿಂದ ಸುಮಾರು 30 ಸೆಂಟಿಮೀಟರು ಮುಂದೆ ಇರುತ್ತದೆ. ಇದನ್ನು ಹಿಡಿದೆತ್ತಬೇಕಾದ ಬೆನ್ನಿನ ಸ್ನಾಯುಗಳಾದರೋ ಮಣಿಗಳಿಂದ 5 ಸೆಂಟಿಮೀಟರಿನಷ್ಟು ಮಾತ್ರ ಹಿಂದಿವೆ. ಒಂದು ಕಡೆ 35ನ್ನು 30ರಿಂದ ಗುಣಿಸಿದರೆ 1050. ಇನ್ನೊಂದು ಕಡೆ 5ರಿಂದ ಗುಣಿಸಿ ಅಷ್ಟೇ ಬರಬೇಕಾದರೆ ಸ್ನಾಯುಗಳು 210 ಕಿಲೋಗ್ರಾಂ ಭಾರಕ್ಕೆ ಸಮನಾದ ಬಲದಿಂದ ಎಳೆಯಬೇಕು. ಅಂದರೆ ಅಕ್ಕಿಯ ಎರಡು ದೊಡ್ಡ ಮೂಟೆಗಳಿಗೂ ಮಿಕ್ಕಿದ ಬಲ. ಇದೇ ಬಲವು ಸೊಂಟದ ಮಣಿಗಳನ್ನು ಒಂದಕ್ಕೊಂದು ಒತ್ತುತ್ತದೆ. ಈಗ ತೋಳುಗಳನ್ನು ಕಿವಿಗಳ ಪಕ್ಕದಲ್ಲಿ ಮುಂದಕ್ಕೆ ಚಾಚಿರಿ. ಎರಡು ತೋಳುಗಳ ತೂಕ ಸುಮಾರು 6 ಕಿಲೋಗ್ರಾಂ. ಅವುಗಳ ಗುರುತ್ವಕೇಂದ್ರ 30 ಸೆಂಟಿಮೀಟರು ಮುಂದಕ್ಕೆ ಸರಿಯುತ್ತದೆ. ಇಷ್ಟಕ್ಕೇ ಬೆನ್ನಿನ ಸ್ನಾಯುಗಳ ಮೇಲೆ 36 ಕಿಲೋಗ್ರಾಂ ಭಾರ ಹೆಚ್ಚುತ್ತದೆ. ಚಿತ್ರದಲ್ಲಿ ನೋಡಿದರೆ ತೋಳುಗಳನ್ನು ಚಾಚಿರುವುದು ಬರಿಯ ಅಂದಕ್ಕೆಂದು ತೋರುತ್ತದೆ!

ಈ ಲೆಕ್ಕವು ಸ್ಥೂಲವಾದುದು. ದೇಹದಿಂದ ದೇಹಕ್ಕೆ ಅಂಕಿಗಳು ಬದಲಾಗುತ್ತವೆ. ಆರೋಗ್ಯವಂತನಾದ ಯುವಕನ ಬೆನ್ನು ಇಷ್ಟು ಬಲವನ್ನು ತಾಳಬಲ್ಲದೆಂಬುದೂ ನಿಜ. ಆದರೆ ದಿನವೆಲ್ಲ ಬೆಂಚಿನ ಮೇಲೆ ಕುಳಿತು ಓದುವ ವಿದ್ಯಾರ್ಥಿಯ ಬೆನ್ನು ಇದಕ್ಕೆ ಒಗ್ಗಿಲ್ಲ. ಅವನು ಮಾಡಬೇಕಾದುದು ಸುಲಭ. ಮಂಡಿಗಳನ್ನು ಸ್ವಲ್ಪ ಬಾಗಿಸಿ, ಅಂಗೈಗಳನ್ನು ತೊಡೆಯ ಮೇಲೆ ಅಥವಾ ಮುಂದಿರುವ ಕುರ್ಚಿಯ ಮೇಲೆ ಊರಿದರೆ, ಮುಂಡದ ಭಾರದ ಒಂದು ಪಾಲು ತೋಳುಗಳ ಮೂಲಕ ಇಳಿದುಹೋಗುತ್ತದೆ. ಅಯ್ಯಂಗಾರ್ಯರ ಇಟ್ಟಿಗೆಯ ಕೆಲಸವೂ ಇದೇ: ನೆಲವನ್ನು ಕೈಗೆ ಹತ್ತಿರ ತರುವುದು.

ಕುಳಿತು ಮುಂದಕ್ಕೆ ಬಾಗುವ ಪಶ್ಚಿಮೋತ್ತಾನಾಸನದಲ್ಲಿ ತೊಡಕು ಬೇರೆ ಬಗೆಯದು. ತೊಡೆಯ ಹಿಂಭಾಗದ ಸ್ನಾಯುಗಳು ಮೇಲೆ ಕಟಿಯ ಎಲುಬಿಗೂ ಕೆಳಗೆ ಮಂಡಿಯ ಆಚೆಗೂ ಅಂಟಿಕೊಂಡಿವೆ. ಅವು ಬಿಗಿಯಾಗಿದ್ದರೆ, ಕಾಲು ನೀಡಿ ಕುಳಿತೊಡನೆ ಕಟಿಯ ಎಲುಬನ್ನು ಹಿಂದಕ್ಕೆ ಉರುಳಿಸುತ್ತವೆ. ಆಗ ಬಾಗುವಿಕೆಯೆಲ್ಲ ಕಟಿಯ ಕೀಲಿನಲ್ಲಿ ನಡೆಯದೆ ಸೊಂಟದ ಮಣಿಗಳಲ್ಲಿ ನಡೆಯುತ್ತದೆ. ಮಡಿಸಿದ ಕಂಬಳಿಯ ಅಂಚಿನ ಮೇಲೆ ಕುಳಿತು, ಮಂಡಿಗಳನ್ನು ತುಸು ಎತ್ತಿ, ಪಾದಗಳಿಗೆ ಒಂದು ಟವೆಲನ್ನು ಸುತ್ತಿ ಹಿಡಿದುಕೊಂಡರೆ ಈ ದೋಷ ಬಹುಮಟ್ಟಿಗೆ ಹೋಗುತ್ತದೆ. ಹಣೆ ಮಂಡಿಗೆ ತಾಗಲಿಲ್ಲವೆಂದು ಕೊರಗಬೇಕಾದುದಿಲ್ಲ. ಕಾಲುಗಳ ಉದ್ದ, ಮುಂಡದ ಉದ್ದ, ಕೀಲುಗಳ ಆಕಾರ ಇವು ಎಲ್ಲರಲ್ಲಿಯೂ ಒಂದೇ ಅಲ್ಲ. ಕೆಲವರ ಹಣೆ ಎಂದಿಗೂ ತಾಗದಿರಬಹುದು.

ಇನ್ನು ವೇಗದ ವಿಚಾರ. ವೈದ್ಯರು ಮಂಡಿಯ ಚಿಪ್ಪಿನ ಕೆಳಗೆ ಚಿಕ್ಕ ಸುತ್ತಿಗೆಯಿಂದ ತಟ್ಟಿದಾಗ ಕಾಲು ತಾನಾಗಿಯೇ ಮುಂದಕ್ಕೆ ಚಿಮ್ಮುವುದನ್ನು ಅನೇಕರು ನೋಡಿರಬಹುದು. ಪ್ರತಿಯೊಂದು ಸ್ನಾಯುವಿನೊಳಗೂ ಕದಿರಿನ ಆಕಾರದ ಸೂಕ್ಷ್ಮಾಂಗಗಳಿವೆ. ಸ್ನಾಯು ಉದ್ದವಾದಾಗ, ಅದರಲ್ಲಿಯೂ ಥಟ್ಟನೆ ಉದ್ದವಾದಾಗ, ಇವು ಮಿದುಳುಬಳ್ಳಿಗೆ ಸುದ್ದಿಯನ್ನು ಕಳುಹಿಸುತ್ತವೆ. ಅಲ್ಲಿಂದ ಸಂಕುಚಿಸುವಂತೆ ಅದೇ ಸ್ನಾಯುವಿಗೆ ಆಜ್ಞೆ ಬರುತ್ತದೆ. ಇದನ್ನು 1924ರಲ್ಲಿ ಲಿಡೆಲ್ ಮತ್ತು ಷೆರಿಂಗ್‌ಟನ್ ಎಂಬ ವಿಜ್ಞಾನಿಗಳು ವಿವರಿಸಿದರು. ಇದರಿಂದ ನಮಗೆ ಸಿಕ್ಕುವ ಪಾಠವೇನೆಂದರೆ, ಕಾಲ್ಬೆರಳನ್ನು ಮುಟ್ಟಲೇಬೇಕೆಂದು ಒಂದು, ಎರಡು, ಮೂರು ಎಂದು ಎಣಿಸುತ್ತ ಜಗ್ಗಿ ಜಗ್ಗಿ ಬಾಗುವವನು ತನ್ನ ಸ್ನಾಯುವನ್ನು ತಾನೇ ಎರಡು ಕಡೆಯಿಂದ ಎಳೆಯುತ್ತಿದ್ದಾನೆ: ದೇಹದ ಭಾರದಿಂದ ಹಿಗ್ಗಿಸುತ್ತಾನೆ, ನರಮಂಡಲದ ಮೂಲಕ ಕುಗ್ಗಿಸುತ್ತಾನೆ. ಹಗ್ಗ ಜಗ್ಗಾಟದಲ್ಲಿ ಹಗ್ಗಕ್ಕೆ ಆಗುವ ಗತಿಯೇ ಸ್ನಾಯುವಿಗೂ ಆಗುತ್ತದೆ. ಹಿಂದಿನ ಕಾಲದ ಡ್ರಿಲ್ ತರಗತಿಗಳಲ್ಲಿ ಹೀಗೆ ಜಗ್ಗುವುದೇ ಶಿಸ್ತೆನಿಸಿತ್ತು. ಅದರ ನೆರಳು ಈಗಲೂ ಪೂರ್ತಿಯಾಗಿ ಹೋಗಿಲ್ಲ.

ನಿಧಾನವಾಗಿ ಬಾಗಿ, ಮೃದುವಾದ ಸೆಳೆತ ತೋರಿದ ಕಡೆಯಲ್ಲಿ ನಿಂತರೆ ಬೇರೊಂದು ಗುಣ ಪ್ರಕಟವಾಗುತ್ತದೆ. ಸ್ನಾಯುವೂ ಅದರ ರಜ್ಜುವೂ ಉಕ್ಕಿನ ಸುರುಳಿಯಂತೆ ಬರಿಯ ಸ್ಥಿತಿಸ್ಥಾಪಕ ವಸ್ತುಗಳಲ್ಲ. ಅವುಗಳಲ್ಲಿ ಜೇನಿನಂಥ ಸ್ನಿಗ್ಧತೆಯೂ ಬೆರೆತಿದೆ. ಇಂಥ ವಸ್ತುವನ್ನು ಒಂದೇ ಉದ್ದದಲ್ಲಿ ಹಿಡಿದಿಟ್ಟರೆ ಅದರೊಳಗಿನ ಎಳೆತವು ತಾನಾಗಿಯೇ ಇಳಿಯುತ್ತ ಹೋಗುತ್ತದೆ. ಈ ಇಳಿತದ ಹೆಚ್ಚಿನ ಪಾಲು ಮೊದಲ 15–20 ಸೆಕೆಂಡುಗಳಲ್ಲಿಯೇ ಆಗಿಬಿಡುತ್ತದೆ. ನಾಲ್ಕೈದು ನಿಧಾನವಾದ ಉಸಿರುಗಳಷ್ಟು ಕಾಲ ನಿಂತರೆ ಆರಂಭಿಕನಿಗೆ ಸಾಕೆಂಬ ಸಲಹೆಗೆ ಇದು ತಕ್ಕ ಆಧಾರ. ದಿನಗಳೆದಂತೆ ಮೈ ಹೆಚ್ಚು ಬಾಗುವುದಕ್ಕೆ ಸ್ನಾಯು ಉದ್ದವಾಗುವುದೇ ಕಾರಣವೆಂದು ಬಹುಕಾಲ ಭಾವಿಸಲಾಗಿತ್ತು. 1996ರಲ್ಲಿ ಡೆನ್ಮಾರ್ಕಿನಲ್ಲಿ ಮ್ಯಾಗ್ನುಸನ್ ಮತ್ತು ಸಂಗಡಿಗರು ಮೂರು ವಾರಗಳ ಅಭ್ಯಾಸದ ಮುಂಚೆಯೂ ಅನಂತರವೂ ಬಲವನ್ನು ಅಳೆದು ನೋಡಿದರು. ಸ್ನಾಯುವಿನ ಬಿಗುವು ಮೊದಲಿದ್ದಷ್ಟೇ ಇತ್ತು. ಬದಲಾಗಿದ್ದುದು ಸೆಳೆತವನ್ನು ಸಹಿಸುವ ಶಕ್ತಿ. ಮೊದಲ ವಾರಗಳಲ್ಲಿ ಒಪ್ಪಿಗೆ ಕೊಡಬೇಕಾದುದು ನರಮಂಡಲವೆಂದಾಯಿತು. ಬಲವಂತದಿಂದ ಅದು ಒಪ್ಪುವುದಿಲ್ಲ. ಚುಚ್ಚಿದಂಥ ನೋವಾಗಲಿ, ಕಾಲಿನುದ್ದಕ್ಕೂ ಜುಮುಜುಮು ಹರಿಯುವುದಾಗಲಿ ಕಂಡರೆ ಅದು ಸೆಳೆತವಲ್ಲ; ಕೂಡಲೆ ನಿಲ್ಲಿಸಿ, ಮರುಕಳಿಸಿದರೆ ವೈದ್ಯರಿಗೆ ತೋರಿಸಬೇಕು.

ಬೆಳಗಿನ ಜಾವವೇ ಯೋಗಾಭ್ಯಾಸಕ್ಕೆ ಪ್ರಶಸ್ತವೆಂದು ಹಿರಿಯರು ಹೇಳುತ್ತಾರೆ. ಹೊಟ್ಟೆ ಬರಿದಾಗಿರುತ್ತದೆ, ಮನೆ ನಿಶ್ಶಬ್ದವಾಗಿರುತ್ತದೆ; ಆ ಮಟ್ಟಿಗೆ ಮಾತು ಸರಿ. ಆದರೆ ಇಲ್ಲೊಂದು ಸ್ವಾರಸ್ಯವಾದ ಅಂಶವಿದೆ. ಬೆಳಿಗ್ಗೆ ಎದ್ದಾಗ ನಮ್ಮ ಎತ್ತರ ಹಿಂದಿನ ರಾತ್ರಿಗಿಂತ ಸುಮಾರು ಒಂದು ಸೆಂಟಿಮೀಟರು ಅಥವಾ ಅದಕ್ಕಿಂತಲೂ ಸ್ವಲ್ಪ ಹೆಚ್ಚಾಗಿರುತ್ತದೆ! ಬೆನ್ನೆಲುಬಿನ ಮಣಿಗಳ ನಡುವೆ ಇರುವ ಮೆತ್ತನೆಯ ಬಿಲ್ಲೆಗಳು ರಾತ್ರಿಯಲ್ಲಿ, ಭಾರವಿಲ್ಲದಿರುವಾಗ, ನೀರನ್ನು ಹೀರಿ ಉಬ್ಬುವುದೇ ಇದಕ್ಕೆ ಕಾರಣ. ಎದ್ದು ಓಡಾಡತೊಡಗಿದ ಮೇಲೆ ಆ ನೀರು ಹಿಂಡಿಹೋಗುತ್ತದೆ. ಕಳೆದುಹೋಗುವ ಎತ್ತರದ ಅರ್ಧದಷ್ಟು ಮೊದಲ ಒಂದು ಗಂಟೆಯಲ್ಲಿಯೇ ಹೋಗುತ್ತದೆ. ಉಬ್ಬಿದ ಬಿಲ್ಲೆ ಗಾಳಿ ತುಂಬಿದ ಟೈರಿನಂತೆ ಸುಲಭವಾಗಿ ಬಾಗದು. ಬೆಳಗಿನಲ್ಲಿ ಬಾಗಿದಾಗ ಬಿಲ್ಲೆಗಳ ಮೇಲೆ ಬೀಳುವ ಒತ್ತಡ ದಿನದ ಉಳಿದ ಹೊತ್ತಿಗಿಂತ ಬಹಳ ಹೆಚ್ಚೆಂದು 1987ರಲ್ಲಿ ಇಂಗ್ಲೆಂಡಿನ ಆಡಮ್ಸ್ ಮತ್ತು ಸಂಗಡಿಗರು ತೋರಿಸಿದರು. ಆದುದರಿಂದ ಹಾಸಿಗೆಯಿಂದ ಎದ್ದವನು ನೇರವಾಗಿ ಪಾದಹಸ್ತಾಸನಕ್ಕೆ ಇಳಿಯುವುದು ಉಚಿತವಲ್ಲ. ಮುಖ ತೊಳೆದು, ಅಂಗಳದಲ್ಲಿ ನಾಲ್ಕು ಹೆಜ್ಜೆ ನಡೆದು, ಕೊಡ ನೀರು ತರುವುದಿದ್ದರೆ ಅದನ್ನೂ ಮುಗಿಸಿ, ಅರ್ಧ ಮುಕ್ಕಾಲು ಗಂಟೆಯ ಮೇಲೆ ಆರಂಭಿಸಬಹುದು. ಸಂಜೆಯಲ್ಲಿ ಮಾಡುವವರಿಗೆ ಈ ಅಡ್ಡಿಯಿಲ್ಲ. ಊಟವಾಗಿ ಮೂರು ನಾಲ್ಕು ಗಂಟೆ ಕಳೆದಿದ್ದರೆ ಸಾಕು.

ನೆಲದ ಬಗ್ಗೆಯೂ ಒಂದೆರಡು ಮಾತು. ತ್ರಿಕೋನಾಸನದಲ್ಲಿ ಕಾಲುಗಳನ್ನು ಅಗಲಿಸಿ ನಿಂತಾಗ ಪ್ರತಿಯೊಂದು ಪಾದವೂ ಹೊರಕ್ಕೆ ಜಾರಲು ಹವಣಿಸುತ್ತದೆ, ತಡೆಯುವುದು ಘರ್ಷಣೆ. ಕಾಲಿನ ಉದ್ದ 85 ಸೆಂಟಿಮೀಟರು, ಪಾದಗಳ ಅಂತರ 1 ಮೀಟರು ಎಂದರೆ, ಸ್ನಾಯುಗಳ ಬಿಗಿಯಿಲ್ಲದೆ ಘರ್ಷಣೆಯೊಂದರಿಂದಲೇ ನಿಲ್ಲಲು ಘರ್ಷಣಾಂಕವು 0.73ರಷ್ಟಿರಬೇಕು. ಅಂತರವನ್ನು 60 ಸೆಂಟಿಮೀಟರಿಗೆ ಇಳಿಸಿದರೆ 0.38 ಸಾಕು. ನುಣುಪಾದ ಟೈಲ್ಸ್ ನೆಲದ ಮೇಲೆ ಜಮಖಾನ ಹಾಸಿದಾಗ ಪಾದ ಜಮಖಾನವನ್ನು ಹಿಡಿದುಕೊಂಡರೂ ಜಮಖಾನವೇ ನೆಲದ ಮೇಲೆ ಜಾರೀತು. ನಿಂತು ಮಾಡುವ ಆಸನಗಳಿಗೆ ಬರಿಯ ಒಣ ನೆಲವೇ ಮೇಲು. ಹಾಸು ಕುಳಿತು ಮಲಗಿ ಮಾಡುವುದಕ್ಕಿರಲಿ.

ಒಂಟಿ ಕಾಲಿನ ವೃಕ್ಷಾಸನವು ಬಲವಿಜ್ಞಾನದ ಸುಂದರವಾದ ಪ್ರಯೋಗ. ಗುರುತ್ವಕೇಂದ್ರದಿಂದ ಇಳಿಬಿಟ್ಟ ಲಂಬವು ಪಾದದೊಳಗೆ ಬೀಳುವವರೆಗೆ ಮಾತ್ರ ನಾವು ನಿಲ್ಲಬಲ್ಲೆವು. ಆ ಕೇಂದ್ರ ನೆಲದಿಂದ ಸುಮಾರು 90 ಸೆಂಟಿಮೀಟರು ಮೇಲಿದೆ. ಪಾದದ ಅಗಲದ ಅರ್ಧ ಸುಮಾರು 4 ಸೆಂಟಿಮೀಟರು. ಪಕ್ಕಕ್ಕೆ ಎರಡೂವರೆ ಡಿಗ್ರಿ ವಾಲಿದರೆ ಮುಗಿಯಿತು. ಇಷ್ಟು ಕಿರಿದಾದ ಅಂಚಿನಲ್ಲಿ ದೇಹವನ್ನು ನಿಲ್ಲಿಸುವುದಕ್ಕೆ ಕಣ್ಣು, ಒಳಗಿವಿ, ಪಾದದ ಸ್ನಾಯುಗಳು ಕ್ಷಣಕ್ಷಣವೂ ಸುದ್ದಿ ಕಳುಹಿಸುತ್ತಿರಬೇಕು. ಕಣ್ಣು ಮುಚ್ಚಿ ನೋಡಿದರೆ ಕಣ್ಣಿನ ಪಾಲು ಎಷ್ಟೆಂದು ತಕ್ಷಣ ತಿಳಿಯುತ್ತದೆ. (ಗೋಡೆಯ ಪಕ್ಕದಲ್ಲಿ ನಿಂತು ಈ ಪರೀಕ್ಷೆಯನ್ನು ಮಾಡಿರಿ.) ಎದುರಿಗೆ ಅಲುಗಾಡದ ಒಂದು ಚುಕ್ಕೆಯನ್ನು ದಿಟ್ಟಿಸಬೇಕೆಂಬ ನಿಯಮ ಹುಟ್ಟಿದುದು ಇದರಿಂದಲೇ.

ಉಸಿರಾಟದ ವಿಷಯದಲ್ಲಿ ಹರಡಿರುವಷ್ಟು ತಪ್ಪು ಕಲ್ಪನೆ ಬೇರೆ ಯಾವುದರಲ್ಲಿಯೂ ಇಲ್ಲ. ಪ್ರಾಣಾಯಾಮದಿಂದ ರಕ್ತಕ್ಕೆ ಹೇರಳವಾಗಿ ಆಮ್ಲಜನಕ ದೊರೆಯುತ್ತದೆಂದು ಅನೇಕರು ಹೇಳುವುದುಂಟು. ಸುಮ್ಮನೆ ಕುಳಿತಿರುವ ಆರೋಗ್ಯವಂತನ ಅಪಧಮನಿಯ ರಕ್ತದಲ್ಲಿ ಹಿಮೋಗ್ಲೋಬಿನ್ನು ಆಗಲೇ ನೂರಕ್ಕೆ 95ಕ್ಕಿಂತ ಹೆಚ್ಚು ಭರ್ತಿಯಾಗಿರುತ್ತದೆ. ತುಂಬಿದ ಕೊಡಕ್ಕೆ ಇನ್ನೆಷ್ಟು ಸುರಿಯಬಹುದು? ಲಾಭವಿರುವುದು ಬೇರೆಡೆ. ನಾವು ಸಾಮಾನ್ಯವಾಗಿ ನಿಮಿಷಕ್ಕೆ 12 ಸಲ, ಪ್ರತಿ ಸಲವೂ ಸುಮಾರು 500 ಮಿಲಿಲೀಟರು ಗಾಳಿಯನ್ನು ಎಳೆದುಕೊಳ್ಳುತ್ತೇವೆ. ಅದರಲ್ಲಿ 150 ಮಿಲಿಲೀಟರು ಮೂಗು ಗಂಟಲು ಶ್ವಾಸನಾಳಗಳಲ್ಲಿಯೇ ಉಳಿದು ವ್ಯರ್ಥವಾಗುತ್ತದೆ. ಒಳಗೆ ಉಪಯೋಗಕ್ಕೆ ಬರುವುದು ನಿಮಿಷಕ್ಕೆ 4,200 ಮಿಲಿಲೀಟರು. ಅದೇ 6 ಲೀಟರು ಗಾಳಿಯನ್ನು 6 ಆಳವಾದ ಉಸಿರುಗಳಲ್ಲಿ ಎಳೆದುಕೊಂಡರೆ 5,100 ಮಿಲಿಲೀಟರು ಒಳಗೆ ತಲಪುತ್ತದೆ. 24 ತೇಲುಸಿರುಗಳಲ್ಲಿ ಎಳೆದರೆ 2,400 ಮಾತ್ರ. ನಿಧಾನವಾದ ಉಸಿರು ಮಿತವ್ಯಯದ ಉಸಿರು.

ನಿಮಿಷಕ್ಕೆ ಆರು ಎಂಬ ಸಂಖ್ಯೆಯಲ್ಲಿ ಇನ್ನೊಂದು ವಿಶೇಷವಿದೆ. ಮಣಿಕಟ್ಟಿನ ಮೇಲೆ ಬೆರಳಿಟ್ಟು ನಿಧಾನವಾಗಿ ಉಸಿರಾಡಿದರೆ, ಒಳಕ್ಕೆ ಎಳೆಯುವಾಗ ನಾಡಿ ತುಸು ತೀವ್ರವಾಗುವುದನ್ನೂ ಹೊರಕ್ಕೆ ಬಿಡುವಾಗ ಮಂದವಾಗುವುದನ್ನೂ ಗುರುತಿಸಬಹುದು. ರಕ್ತದ ಒತ್ತಡವನ್ನು ಹದದಲ್ಲಿಡುವ ವ್ಯವಸ್ಥೆಗೆ ಸುಮಾರು ಹತ್ತು ಸೆಕೆಂಡಿನ ಒಂದು ಸ್ವಾಭಾವಿಕ ಆವರ್ತಕಾಲವಿದೆ. ಉಸಿರೂ ಹತ್ತು ಸೆಕೆಂಡಿಗೊಂದಾದರೆ ಎರಡೂ ತಾಳಗೂಡುತ್ತವೆ. ಉಯ್ಯಾಲೆಯನ್ನು ಅದರ ಲಯಕ್ಕೆ ಸರಿಯಾಗಿ ತಳ್ಳಿದಂತೆ ಅನುರಣನ ಉಂಟಾಗುತ್ತದೆ. ಜಪಮಾಲೆಯ ಪ್ರಾರ್ಥನೆಯನ್ನೂ ಯೋಗದ ಮಂತ್ರವನ್ನೂ ಉಚ್ಚರಿಸುವವರ ಉಸಿರು ಸಹಜವಾಗಿಯೇ ನಿಮಿಷಕ್ಕೆ ಆರರ ಸುಮಾರಿಗೆ ಇಳಿಯುತ್ತದೆಂದೂ, ಆಗ ಒತ್ತಡವನ್ನು ತಿದ್ದುವ ನರಗಳ ಪ್ರತಿಕ್ರಿಯೆ ಚುರುಕಾಗುತ್ತದೆಂದೂ ಇಟಲಿಯ ಬರ್ನಾರ್ಡಿ ಮತ್ತು ಸಂಗಡಿಗರು 2001ರಲ್ಲಿ ವರದಿ ಮಾಡಿದರು. ಆರಂಭಿಕನು ನಾಲ್ಕು ಎಣಿಸುವಷ್ಟು ಹೊತ್ತು ಎಳೆದು ಆರು ಎಣಿಸುವಷ್ಟು ಹೊತ್ತು ಬಿಟ್ಟರೆ ಈ ಲಯ ತಾನಾಗಿಯೇ ಸಿದ್ಧಿಸುತ್ತದೆ. ಕುಂಭಕದ ಗೋಜು ಬೇಡ.

ರಭಸದ ಉಸಿರಾಟಕ್ಕೆ ಆರಂಭಿಕನು ಕೈಹಾಕಬಾರದು. ಬೇಗಬೇಗ ಉಸಿರಾಡಿದಾಗ ರಕ್ತದಲ್ಲಿನ ಇಂಗಾಲದ ಡೈಆಕ್ಸೈಡು ಕಡಿಮೆಯಾಗುತ್ತದೆ. ಅದರಿಂದ ಮಿದುಳಿನ ರಕ್ತನಾಳಗಳು ಕಿರಿದಾಗುತ್ತವೆ. ಆಗ ಬರುವ ತಲೆಸುತ್ತು, ಬೆರಳುಗಳ ಜೋಮು ಯಾವ ದಿವ್ಯಾನುಭವವೂ ಅಲ್ಲ, ರಕ್ತದಲ್ಲಿ ಇಂಗಾಲದ ಡೈಆಕ್ಸೈಡು ಕಡಿಮೆಯಾದುದರ ಸೂಚನೆ. ಉಸಿರು ಕಟ್ಟಿ ಶ್ರಮಿಸುವುದೂ ಇಂಥದೇ. ಹೃದಯವನ್ನು ನಿಲ್ಲಿಸಬಲ್ಲೆವೆಂದು ಹೇಳುತ್ತಿದ್ದ ಯೋಗಿಗಳನ್ನು ವೆಂಗರ್, ಬಾಗ್ಚಿ, ಆನಂದ್ ಎಂಬ ವಿಜ್ಞಾನಿಗಳು ಪರೀಕ್ಷಿಸಿ 1961ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಯೋಗಿಗಳು ಉಸಿರು ಹಿಡಿದು ಎದೆ ಹೊಟ್ಟೆಗಳ ಸ್ನಾಯುಗಳನ್ನು ಬಿಗಿದಾಗ ಮಣಿಕಟ್ಟಿನ ನಾಡಿ ಕಾಣದಾಯಿತು, ಹೃದಯದ ಸದ್ದೂ ಕೇಳದಾಯಿತು. ಆದರೆ ಹೃದಯದ ವಿದ್ಯುತ್ ಲೇಖವು ಅದು ಬಡಿಯುತ್ತಲೇ ಇರುವುದನ್ನು ತೋರಿಸಿತು. ಎದೆಯೊಳಗಿನ ಒತ್ತಡ ಏರಿದುದರಿಂದ ಹೃದಯಕ್ಕೆ ಹಿಂದಿರುಗುವ ರಕ್ತ ತಗ್ಗಿತ್ತಷ್ಟೆ. ಕಷ್ಟದ ಆಸನದಲ್ಲಿ ಹಲ್ಲು ಕಚ್ಚಿ ಉಸಿರು ಕಟ್ಟುವ ಆರಂಭಿಕನೂ ತಿಳಿಯದೆ ಇದೇ ಪ್ರಯೋಗವನ್ನು ಮಾಡುತ್ತಿರುತ್ತಾನೆ. ಉಸಿರು ಸರಾಗವಾಗಿ ಆಡದ ಆಸನವು ಆ ದಿನಕ್ಕೆ ಅವನ ಶಕ್ತಿಯನ್ನು ಮೀರಿದುದೆಂದು ತಿಳಿಯಬೇಕು.

ಶೀರ್ಷಾಸನವನ್ನು ಮನೆಯಲ್ಲಿ ಒಬ್ಬರೇ ಕಲಿಯಬಾರದೆಂದು ನನ್ನ ದೃಢವಾದ ಅಭಿಪ್ರಾಯ. ನಮ್ಮ ಕತ್ತು ದಿನವೆಲ್ಲ ಹೊರುವುದು 5 ಕಿಲೋಗ್ರಾಮಿನಷ್ಟು ತೂಕದ ತಲೆಯನ್ನು. ನುರಿತ ಅಭ್ಯಾಸಿಗಳ ಮೇಲೆ ನಡೆಸಿ 2014ರಲ್ಲಿ ಪ್ರಕಟಿಸಿದ ಅಳತೆಗಳಂತೆ, ತಲೆಯ ಮೇಲೆ ಬೀಳುವ ಗರಿಷ್ಠ ಬಲ ದೇಹದ ತೂಕದ ನೂರಕ್ಕೆ 40ರಿಂದ 48ರಷ್ಟು. 60 ಕಿಲೋಗ್ರಾಮಿನವನಿಗೆ ಇದು 24ರಿಂದ 29 ಕಿಲೋಗ್ರಾಂ. ಕಾಲುಗಳನ್ನು ಎಗರಿಸಿ ಮೇಲೇರಿಸಿದರೆ ಆ ಬಲ ಥಟ್ಟನೆ ಬಂದೆರಗುತ್ತದೆ. ಜೊತೆಗೆ ರಕ್ತದ ಕಂಬದ ಒತ್ತಡವಿದೆ: ಹೃದಯಕ್ಕಿಂತ 30 ಸೆಂಟಿಮೀಟರು ಮೇಲಿದ್ದ ಕಣ್ಣು ಅಷ್ಟೇ ಕೆಳಗಾದಾಗ ಒತ್ತಡದ ವ್ಯತ್ಯಾಸ ಪಾದರಸದ 46 ಮಿಲಿಮೀಟರಿನಷ್ಟಾಗುತ್ತದೆ. ಚೆನ್ನೈಯ ಶಂಕರ ನೇತ್ರಾಲಯದ ವೈದ್ಯರು ಶೀರ್ಷಾಸನದಲ್ಲಿದ್ದವರ ಕಣ್ಣಿನೊಳಗಿನ ಒತ್ತಡವನ್ನು ಅಳೆದು, ಅದು ಸುಮಾರು ಎರಡು ಪಟ್ಟಾಗುವುದೆಂದು 2006ರಲ್ಲಿ ತಿಳಿಸಿದರು. ಗ್ಲಾಕೋಮ ಎಂಬ ಕಣ್ಣಿನ ರೋಗವುಳ್ಳವರಿಗೆ ಇದು ಕೇಡು. ಆ ರೋಗ ಬಹುಕಾಲ ನೋವಿಲ್ಲದೆ ಬೆಳೆಯುವುದರಿಂದ ತನಗೆ ಅದು ಉಂಟೆಂದು ಅರಿಯದವರೂ ಇರುತ್ತಾರೆ. ಮಲಗಿ ಕಾಲುಗಳನ್ನು ಗೋಡೆಗೆ ಆನಿಸಿದರೆ ಕಾಲಿನ ರಕ್ತ ಹಿಂದಿರುಗುವ ಲಾಭ ದೊರೆಯುತ್ತದೆ, ಕತ್ತಿಗೆ ಭಾರವಿಲ್ಲ. ರಕ್ತದ ಒತ್ತಡ, ಬೆನ್ನಿನ ಬಿಲ್ಲೆಯ ದೋಷ, ಕಣ್ಣಿನ ರೋಗ ಉಳ್ಳವರೂ ಗರ್ಭಿಣಿಯರೂ ಯಾವ ಆಸನಕ್ಕೂ ಮುಂಚೆ ವೈದ್ಯರನ್ನು ಕೇಳತಕ್ಕದ್ದು.

ಹಾಗಾದರೆ ಮೊದಲ ತಿಂಗಳು ಏನನ್ನು ಮಾಡಬೇಕು? ದಿನಕ್ಕೆ ಇಪ್ಪತ್ತು ಮೂವತ್ತು ನಿಮಿಷ ಸಾಕು. ತಾಡಾಸನ, ಗೋಡೆಯ ಪಕ್ಕದಲ್ಲಿ ವೃಕ್ಷಾಸನ, ಕುರ್ಚಿಯ ಮೇಲೆ ಕೈಯೂರಿ ಅರ್ಧ ಬಾಗುವುದು, ಬೋರಲು ಮಲಗಿ ಎದೆಯನ್ನು ತುಸುವೇ ಎತ್ತುವ ಭುಜಂಗಾಸನ, ಕಂಬಳಿಯ ಮೇಲೆ ಕುಳಿತು ಪಶ್ಚಿಮೋತ್ತಾನದ ಮೊದಲ ಹಂತ, ಐದು ನಿಮಿಷ ನಿಧಾನವಾದ ಉಸಿರು, ಕೊನೆಗೆ ಶವಾಸನ. ಇಷ್ಟರಿಂದ ಮೈ ಇಳಿಯುತ್ತದೆಂದು ಯಾರೂ ನಂಬಬೇಕಾಗಿಲ್ಲ. ಇಂಥ ಅರ್ಧ ಗಂಟೆಯ ಅಭ್ಯಾಸಕ್ಕೆ ತಗಲುವ ಶಕ್ತಿ ಸುಮಾರು 75 ಕಿಲೋಕ್ಯಾಲೊರಿ, ಅದು ಮುಗಿದ ಮೇಲೆ ತಿನ್ನುವ ಎರಡು ಇಡ್ಲಿಗಳಲ್ಲಿಯೇ ಹಿಂದಿರುಗಿ ಬರುತ್ತದೆ. ಬಹುಕಾಲದ ಸೊಂಟನೋವಿಗೆ ಯೋಗವು ಸ್ವಲ್ಪಮಟ್ಟಿಗೆ ಉಪಕಾರಿಯೆಂದು, ಹನ್ನೆರಡು ಪ್ರಯೋಗಗಳನ್ನು ಒಟ್ಟಿಗೆ ತೂಗಿನೋಡಿದ 2017ರ ಕಾಕ್ರೇನ್ ಸಮೀಕ್ಷೆ ಹೇಳಿತು. ಕೆಲವರಲ್ಲಿ ನೋವು ಹೆಚ್ಚಾದುದನ್ನೂ ಅದೇ ಸಮೀಕ್ಷೆ ದಾಖಲಿಸಿದೆ.

ಶವಾಸನದಿಂದ ಏಳುವಾಗಲೂ ಅವಸರ ಸಲ್ಲದು. ಮಲಗಿದ್ದವನು ಎದ್ದು ನಿಂತಾಗ ಅರ್ಧ ಲೀಟರಿಗೂ ಮಿಕ್ಕಿದ ರಕ್ತ ಎದೆಯಿಂದ ಕಾಲುಗಳ ಕಡೆಗೂ ಕೆಳಹೊಟ್ಟೆಯ ಕಡೆಗೂ ಇಳಿಯುತ್ತದೆ. ನಾಳಗಳು ಬಿಗಿದು, ನಾಡಿ ಚುರುಕಾಗಿ ಒತ್ತಡವನ್ನು ಸರಿಪಡಿಸುವುದಕ್ಕೆ ಕೆಲವು ಸೆಕೆಂಡುಗಳು ಬೇಕು. ವಿಶ್ರಾಂತಿಯಿಂದ ನಾಡಿ ಮಂದವಾಗಿರುವಾಗ ಇನ್ನೂ ಸ್ವಲ್ಪ ಹೆಚ್ಚು ಬೇಕಾದೀತು. ಮೊದಲು ಬಲಮಗ್ಗುಲಿಗೆ ಹೊರಳಿ ಎರಡು ಮೂರು ಉಸಿರುಗಳಷ್ಟು ಹಾಗೆಯೇ ಇದ್ದು, ಕೈಯೂರಿ ಎದ್ದು ಕುಳಿತು, ಮತ್ತೆ ಎರಡು ಉಸಿರುಗಳಾದ ಮೇಲೆ ನಿಂತುಕೊಳ್ಳಬೇಕು. ಜಮಖಾನ ಮಡಿಸಲು ಬಗ್ಗುವುದು ಆಮೇಲೆ.